ಕಂಠ ಹಿಡಿದ ಕೈ, ಚಾಣ ಹಿಡಿದ ಕೈ: ಅಕ್ಷರದ ಗೆರೆ ಹುಟ್ಟುವ ಬಗೆ

ಕನ್ನಡ ಅಕ್ಷರ ಯಾಕೆ ದುಂಡಗಿದೆ ಅಂತ ಯಾರನ್ನಾದರೂ ಕೇಳಿ. ಹೆಚ್ಚಿನವರು ಹೇಳುವ ಉತ್ತರ ಒಂದೇ: “ಹಿಂದೆ ಓಲೆಗರಿ ಮೇಲೆ ಬರೀತಿದ್ರಲ್ಲ, ನೇರ ಗೆರೆ ಎಳೆದರೆ ಗರಿ ಸೀಳಿ ಹೋಗುತ್ತೆ, ಅದಕ್ಕೆ.” ಈ ಉತ್ತರ ಸುಳ್ಳಲ್ಲ. ಆದರೆ ಅರ್ಧ ಉತ್ತರ. ಗರಿಯ ಬಗ್ಗೆ ಮಾತಾಡುವ ನಾವು, ಆ ಗರಿಯ ಮೇಲೆ ಬರೆದ ಕೈಯ ಬಗ್ಗೆ ಕೇಳುವುದೇ ಇಲ್ಲ. ಬರೆಯುವವನು ಲೇಖನಿಯನ್ನು ಹೇಗೆ ಹಿಡಿದಿದ್ದ? ಯಾವ ಬೆರಳು ಕೆಲಸ ಮಾಡುತ್ತಿತ್ತು? ಚಲಿಸುತ್ತಿದ್ದದ್ದು ಲೇಖನಿಯೋ, ಗರಿಯೋ? ತಾನು ಬರೆದದ್ದು ಅವನಿಗೆ ಕಾಣುತ್ತಿತ್ತೋ ಇಲ್ಲವೋ?

ಇವು ಕುತೂಹಲಕ್ಕೆ ಮಾತ್ರ ಕೇಳುವ ಪ್ರಶ್ನೆಗಳಲ್ಲ. ಶಾಸನಕ್ಕೆ ಕಾಲ ಹೇಳುವಾಗ, ಒಂದು ತಾಮ್ರಪಟ ಅಸಲಿಯೋ ಖೊಟ್ಟಿಯೋ ಅಂತ ತೀರ್ಮಾನಿಸುವಾಗ, ಹಸ್ತಪ್ರತಿಯಲ್ಲಿ ‘ದ’ಕಾರವೋ ‘ಧ’ಕಾರವೋ ಅಂತ ತಲೆ ಕೆಡಿಸಿಕೊಳ್ಳುವಾಗ ನಾವು ನಂಬುವುದು ಅಕ್ಷರದ ಆಕಾರವನ್ನು. ಆ ಆಕಾರದಲ್ಲಿ ಕಾಲದ ಪಾಲು ಎಷ್ಟು, ಉಪಕರಣದ ಪಾಲು ಎಷ್ಟು, ಹಿಡಿತದ ಪಾಲು ಎಷ್ಟು ಅನ್ನೋದು ಗೊತ್ತಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಕನ್ನಡದ ‘ಬರೆ’ ಧಾತು ಇಲ್ಲಿ ನಮಗೆ ಸಹಾಯಕ್ಕೆ ಬರುತ್ತದೆ. ನಾವು ಕಾಗದ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಅಕ್ಷರ, ಚಿತ್ರ ಎರಡಕ್ಕೂ ಒಂದೇ ಕ್ರಿಯಾಪದ. ಸಂಸ್ಕೃತದ ‘ಲಿಖ್’ ಧಾತುವಿನ ಮೂಲ ಅರ್ಥವೂ ಗೀರು, ಕೆರೆ ಎಂಬುದೇ. ಹಾಗಾಗಿ ಗೆರೆ ಹೇಗೆ ಹುಟ್ಟುತ್ತದೆ ಎಂದು ಕೇಳುವಾಗ ಅಕ್ಷರವನ್ನೂ ಚಿತ್ರವನ್ನೂ ಒಟ್ಟಿಗೇ ನೋಡೋಣ.

ನಮ್ಮ ಹಿಡಿತ, ಅವರ ಹಿಡಿತ

ಇವತ್ತು ನಾವು ಪೆನ್ನು ಹಿಡಿಯುವ ರೀತಿಯನ್ನು ಒಮ್ಮೆ ಗಮನಿಸಿ. ಕಾಗದ ಮೇಜಿನ ಮೇಲೆ ಸ್ಥಿರವಾಗಿ ಬಿದ್ದಿರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರ ನಡುವೆ ಪೆನ್ನು ಓರೆಯಾಗಿ ಕೂರುತ್ತದೆ. ಬೆರಳು ಮತ್ತು ಮಣಿಕಟ್ಟು ಚಲಿಸುತ್ತವೆ, ಎಡಗೈ ಕಾಗದ ಜಾರದಂತೆ ಸುಮ್ಮನೆ ಒತ್ತಿಕೊಂಡಿರುತ್ತದೆ. ಬರೆದ ತಕ್ಷಣ ಮಸಿ ಕಣ್ಣಿಗೆ ಕಾಣುತ್ತದೆ.

ಓಲೆಯ ಬರವಣಿಗೆಯಲ್ಲಿ ಈ ಪ್ರತಿಯೊಂದೂ ತಿರುಗುಮುರುಗು.

ಉಪಕರಣದ ಹೆಸರು ಕಂಠ. ತೆಲುಗಿನಲ್ಲಿ ಗಂಟಮು, ತಮಿಳಿನಲ್ಲಿ ಎೞುತ್ತಾಣಿ, ಮಲಯಾಳದಲ್ಲಿ ನಾರಾಯಂ, ಸಿಂಹಳದಲ್ಲಿ ಪನ್ಹಿಂದ. ಕಬ್ಬಿಣದ ಸರಳು, ಒಂದು ತುದಿ ಸೂಜಿಯ ಹಾಗೆ ಚೂಪು. ಎಷ್ಟೋ ಕಂಠಗಳಲ್ಲಿ ಇನ್ನೊಂದು ತುದಿ ಚಪ್ಪಟೆ ಅಲಗಾಗಿರುತ್ತದೆ, ಗರಿಯ ಅಂಚು ಸವರುವುದಕ್ಕೆ. ಇದರಲ್ಲಿ ಮಸಿ ಇಲ್ಲ. ಇದು ಗೀರುವ ಸಾಧನ.

ಬರೆಯುವವನು ನೆಲದ ಮೇಲೆ ಕೂತು ಗರಿಯನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಮೇಜು ಬೇಕಿಲ್ಲ, ತೊಡೆ ಅಥವಾ ಮೊಣಕಾಲು ಆಸರೆ. ಎಡಗೈಯ ನಾಲ್ಕು ಬೆರಳು ಗರಿಯ ಕೆಳಗೆ, ಹೆಬ್ಬೆರಳು ಮೇಲೆ. ಬಲಗೈ ಕಂಠವನ್ನು ಮುಷ್ಟಿಯಲ್ಲಿ, ಬಹುತೇಕ ನೆಟ್ಟಗೆ ಹಿಡಿದಿರುತ್ತದೆ. ನಮ್ಮ ಪೆನ್ನಿನ ಹಾಗೆ ಓರೆಯಾಗಿ ಅಲ್ಲ. ಕಂಠದ ಮೊನೆ ಎಡ ಹೆಬ್ಬೆರಳಿನ ಉಗುರಿಗೆ ತಾಗಿಕೊಂಡು ನಿಲ್ಲುತ್ತದೆ. ಉಗುರಿನಲ್ಲಿ ಸಣ್ಣ ಕಚ್ಚು ಮಾಡಿಕೊಂಡು ಅದರಲ್ಲಿ ಮೊನೆಯನ್ನು ಕೂರಿಸುವ ರೂಢಿಯೂ ಇತ್ತು.

ಈಗ ಬರವಣಿಗೆ ಶುರು. ಬಲಗೈ ಒತ್ತಡ ಕೊಡುತ್ತದೆ, ಎಡ ಹೆಬ್ಬೆರಳು ಮೊನೆಯನ್ನು ತಳ್ಳಿ ದಾರಿ ತೋರಿಸುತ್ತದೆ. ಎರಡು ಮೂರು ಅಕ್ಷರ ಆದ ಮೇಲೆ ಬಲಗೈ ಬಲಕ್ಕೆ ಹೋಗುವುದಿಲ್ಲ, ಗರಿಯೇ ಎಡಕ್ಕೆ ಸರಿಯುತ್ತದೆ. ಅಂದರೆ ಬರೆಯುವ ಜಾಗ ಯಾವಾಗಲೂ ಎದೆಯ ಮುಂದೆ ಒಂದೇ ಕಡೆ. ಹಳೆಯ ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ: ಸೂಜಿ ನಿಂತಲ್ಲೇ ಕುಣಿಯುತ್ತದೆ, ಬಟ್ಟೆ ಓಡುತ್ತದೆ. ಹೆಚ್ಚುಕಡಿಮೆ ಅದೇ ತತ್ವ.

ಇಲ್ಲಿ ಎಡಗೈ ಸಹಾಯಕನಲ್ಲ, ಅರ್ಧ ಲೇಖಕ. ಹಿಡಿತ ಗೆರೆಯನ್ನು ಬದಲಿಸುವುದು ಇಲ್ಲಿಂದಲೇ.

ಈ ಹಿಡಿತದಿಂದ ಎಂಥ ಗೆರೆ ಬರುತ್ತದೆ?

ಮೊದಲನೆಯದು, ದಪ್ಪ-ತೆಳು ಇಲ್ಲದ ಗೆರೆ. ಉತ್ತರ ಭಾರತ, ನೇಪಾಳ, ಬಂಗಾಳಗಳಲ್ಲೂ ತಾಳೆಗರಿ ಬಳಕೆಯಲ್ಲಿತ್ತು. ಆದರೆ ಅಲ್ಲಿ ಗರಿಯ ಮೇಲೆ ಜೊಂಡಿನ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಲೆಕ್ಕಣಿಕೆಯ ತುದಿ ಅಗಲ, ಓರೆಯಾಗಿ ಕತ್ತರಿಸಿದ್ದು. ಒಂದು ದಿಕ್ಕಿಗೆ ಎಳೆದರೆ ದಪ್ಪ ಗೆರೆ, ಇನ್ನೊಂದು ದಿಕ್ಕಿಗೆ ಎಳೆದರೆ ತೆಳು ಗೆರೆ. ನಾಗರಿ ಅಕ್ಷರದ ದಪ್ಪ-ತೆಳುವಿನ ಚೆಲುವು ಹುಟ್ಟಿದ್ದು ಆ ಓರೆ ತುದಿಯಿಂದ ಮತ್ತು ಅದನ್ನು ಒಂದೇ ಕೋನದಲ್ಲಿ ಹಿಡಿದ ಕೈಯಿಂದ. ಕಂಠದ ಮೊನೆ ದುಂಡು, ಹಿಡಿತ ನೆಟ್ಟಗೆ. ಯಾವ ದಿಕ್ಕಿಗೆ ಹೋದರೂ ಗೆರೆ ಅಷ್ಟೇ ತೆಳು. ಹಾಗಾಗಿ ಕಂಠದ ಅಕ್ಷರಕ್ಕೆ ಚೆಲುವು ಬರಬೇಕಾದರೆ ಅದು ಗೆರೆಯ ದಪ್ಪದಿಂದ ಬರುವ ಹಾಗಿಲ್ಲ, ಗೆರೆಯ ಬಳುಕಿನಿಂದಲೇ ಬರಬೇಕು.

ಎರಡನೆಯದು, ಗೆರೆಯ ಉದ್ದಕ್ಕೆ ಮಿತಿ. ಮೊನೆ ಹೆಬ್ಬೆರಳಿಗೆ ಅಂಟಿಕೊಂಡೇ ಇರುವುದರಿಂದ ಒಂದು ಉಸಿರಿಗೆ ಅದು ಹೋಗಬಲ್ಲ ದೂರ ಹೆಬ್ಬೆರಳು ಬಾಗುವಷ್ಟೇ. ಅದಕ್ಕಿಂತ ಉದ್ದ ಬೇಕಿದ್ದರೆ ನಿಲ್ಲಿಸಿ, ಗರಿ ಸರಿಸಿ, ಮತ್ತೆ ಮುಂದುವರಿಸಬೇಕು.

ಮೂರನೆಯದು, ಬಾಗು ಸುಲಭ. ಬಲ ಮುಷ್ಟಿ ಒಂದಿಷ್ಟು ತಿರುಗುತ್ತದೆ, ಎಡಗೈಯ ಬೆರಳು ಗರಿಯನ್ನು ಒಂದಿಷ್ಟು ವಾಲಿಸುತ್ತವೆ. ಈ ಎರಡು ಸಣ್ಣ ಚಲನೆ ಕೂಡಿದಾಗ ತಾನಾಗಿಯೇ ಹುಟ್ಟುವುದು ಕಮಾನು ಅಥವಾ ಸುತ್ತು. ತಟ್ಟನೆ ದಿಕ್ಕು ಬದಲಿಸುವ ಮೂಲೆ ಬೇಕಾದರೆ ಕೈ ನಿಲ್ಲಿಸಬೇಕು. ಸುತ್ತು ಬೇಕಾದರೆ ಕೈ ನಿಲ್ಲಬೇಕಿಲ್ಲ. ಸಾವಿರ ಗರಿ ಬರೆಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಾಲ್ಕನೆಯದು, ಚುಕ್ಕಿ ಕಷ್ಟ. ನೆಟ್ಟಗೆ ಹಿಡಿದ ಚೂಪು ಮೊನೆಯಿಂದ ಚುಕ್ಕಿ ಇಡುವುದೆಂದರೆ ಚುಚ್ಚುವುದೆಂದೇ ಅರ್ಥ. ಮೆಲ್ಲಗೆ ಚುಚ್ಚಿದರೆ ಕಾಣುವುದಿಲ್ಲ, ಜೋರಾಗಿ ಚುಚ್ಚಿದರೆ ತೂತು. ತಮಿಳು ಓಲೆಗಳಲ್ಲಿ ವ್ಯಂಜನದ ಮೇಲಿನ ಪುಳ್ಳಿಯನ್ನು ಸಾಮಾನ್ಯವಾಗಿ ಬಿಟ್ಟೇ ಬರೆಯುತ್ತಿದ್ದುದಕ್ಕೆ ಕೊಡುವ ಕಾರಣ ಇದೇ. ನಮ್ಮ ಸೊನ್ನೆಯನ್ನೂ ಇಲ್ಲಿ ನೆನೆಯಬಹುದು. ಬ್ರಾಹ್ಮಿಯಲ್ಲಿ ಅನುಸ್ವಾರ ಒಂದು ಚುಕ್ಕಿ. ನಾಗರಿಯಲ್ಲಿ ಇವತ್ತಿಗೂ ಚುಕ್ಕಿ. ಕನ್ನಡ, ತೆಲುಗು, ಮಲಯಾಳ, ಸಿಂಹಳಗಳಲ್ಲಿ ಅದು ಸುತ್ತು. ಕಂಠಕ್ಕೆ ಚುಕ್ಕಿಗಿಂತ ಸುತ್ತು ಹಗುರ ಅನ್ನೋದು ಇಲ್ಲಿ ಎದ್ದು ಕಾಣುತ್ತದೆ. ಹಾಗಂತ ಇದೊಂದನ್ನೇ ಪುರಾವೆ ಅಂದುಕೊಳ್ಳುವುದು ಬೇಡ. ಮಸಿಯಲ್ಲೇ ಬೆಳೆದ ಬಂಗಾಳಿ ಲಿಪಿಯ ಅನುಸ್ವಾರದಲ್ಲೂ ಸುತ್ತು ಇದೆ.

ಐದನೆಯದು, ಬಹಳ ಮುಖ್ಯವಾದದ್ದು: ಬರೆಯುವಾಗ ಬರೆದದ್ದು ಸರಿಯಾಗಿ ಕಾಣುವುದಿಲ್ಲ. ಹೊಸ ಗರಿಯ ಮೇಲೆ ಗೀರಿದ ಗೆರೆಗೆ ಗರಿಯದೇ ಬಣ್ಣ. ಬರೆದು ಮುಗಿಸಿ, ದೀಪದ ಕಾಡಿಗೆಯನ್ನೋ ಇದ್ದಿಲ ಪುಡಿಯನ್ನೋ ಎಣ್ಣೆ ಅಥವಾ ಸೊಪ್ಪಿನ ರಸದಲ್ಲಿ ಕಲಸಿ ಸವರಿ ಒರೆಸಿದ ಮೇಲೆಯೇ ಅಕ್ಷರ ಕಪ್ಪಾಗಿ ಎದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ಲಿಪಿಕಾರ ನಡೆಯುವುದು ಮುಖ್ಯವಾಗಿ ಬೆರಳಿನ ಅಂದಾಜಿನ ಮೇಲೆ. ಅಕ್ಷರವೆಂಬುದು ಅವನಿಗೆ ಕಣ್ಣಿನ ನೆನಪಿಗಿಂತ ಹೆಚ್ಚಾಗಿ ಕೈಯ ನೆನಪು. ‘ದ’ವನ್ನು ‘ಧ’ ಮಾಡುವ, ‘ಬ’ವನ್ನು ‘ಭ’ ಮಾಡುವ ಕೆಳಗಿನ ಸಣ್ಣ ಗೀಟು ಹಸ್ತಪ್ರತಿಗಳಲ್ಲಿ ಆಗಾಗ ಕಾಣೆಯಾಗುವುದನ್ನು ಸಂಪಾದನೆ ಮಾಡಿದವರೆಲ್ಲ ಬಲ್ಲರು. ಅದನ್ನು ಯಾವಾಗಲೂ ಲಿಪಿಕಾರನ ಅಜ್ಞಾನ ಅಂತ ಬರೆದುಬಿಡುವುದು ನ್ಯಾಯವಲ್ಲ. ಗೀಟು ಎಳೆದಿರಬಹುದು, ಮಸಿ ಹಿಡಿಯದೆ ಹೋಗಿರಬಹುದು.

ಹಸ್ತಪ್ರತಿಗಳ ಕೊನೆಯಲ್ಲಿ ಬೆನ್ನು, ಸೊಂಟ, ಕುತ್ತಿಗೆ ಬಾಗಿ, ದೃಷ್ಟಿ ನೆಟ್ಟು ಕಷ್ಟಪಟ್ಟು ಬರೆದಿದ್ದೇನೆ, ಕಾಪಾಡಿ ಎಂಬ ಅರ್ಥದ ಶ್ಲೋಕ ಬರುವುದುಂಟು. ಕೈಯಿಂದಾದ ತಪ್ಪನ್ನು ಸಜ್ಜನರು ಮನ್ನಿಸಬೇಕು ಎಂಬ ಬೇಡಿಕೆಯೂ ಉಂಟು. ಇವು ರೂಢಿಯ ಮಾತುಗಳು ನಿಜ. ಆದರೆ ಮೇಲೆ ಹೇಳಿದ ಭಂಗಿಯಲ್ಲಿ ಅರ್ಧ ಗಂಟೆ ಕೂತು ನೋಡಿದವರಿಗೆ ಅವು ಬರೀ ರೂಢಿ ಅನ್ನಿಸುವುದಿಲ್ಲ.

ಹಾಗಾದರೆ ಗರಿ ಸೀಳುವ ಕಥೆ?

ಗರಿಯ ನಾರು ಉದ್ದಕ್ಕೆ ಓಡುತ್ತದೆ. ಮನೆಯಲ್ಲಿ ಅಡಿಕೆ ಹಾಳೆಯ ತಟ್ಟೆ ಇದ್ದರೆ, ಮಕ್ಕಳ ಕೈವಾರದ ಮೊನೆಯಿಂದ ಗೀರಿ ನೋಡಿ. ಹಾಳೆ ಓಲೆಯಲ್ಲ, ಆದರೆ ನಾರಿನ ಗುಣ ಅರ್ಥವಾಗುತ್ತದೆ. ನಾರಿನ ಉದ್ದಕ್ಕೆ ಎಳೆದರೆ ಮೊನೆ ನಾರುಗಳ ನಡುವೆ ಇಳಿದು ಜಾರುತ್ತದೆ, ನಮ್ಮ ಮಾತು ಕೇಳುವುದಿಲ್ಲ. ಅಡ್ಡಕ್ಕೆ ಎಳೆದರೆ ನಾರು ನಾರಿಗೂ ತಡೆ ಸಿಗುತ್ತದೆ, ಆದರೆ ಸೀಳುವುದಿಲ್ಲ. ಅಂದರೆ ಅಪಾಯ ಇರುವುದು ಎಲ್ಲ ನೇರ ಗೆರೆಗಳಲ್ಲಲ್ಲ. ಸಾಲಿನ ದಿಕ್ಕಿಗೇ ಓಡುವ ಉದ್ದನೆಯ ಗೆರೆಯಲ್ಲಿ ಮಾತ್ರ. ನಾಗರಿಯ ತಲೆಗೆರೆಯಂಥದ್ದು.

ಇದನ್ನು ಪರೀಕ್ಷಿಸಲು ಮೂರು ಲಿಪಿಗಳನ್ನು ಪಕ್ಕಪಕ್ಕ ಇಡೋಣ. ಮೂರನ್ನೂ ಗರಿಯ ಮೇಲೆ ಕಂಠದಿಂದಲೇ ಗೀರಿದ್ದಾರೆ.

ಒಡಿಯಾ ಲಿಪಿ ಬಂಗಾಳಿಯ ಹತ್ತಿರದ ನಂಟ. ಬಂಗಾಳಿಯಲ್ಲಿ ತಲೆಗೆರೆ ನೇರವಾಗಿಯೇ ಉಳಿಯಿತು, ಏಕೆಂದರೆ ಅಲ್ಲಿನದು ಮಸಿಯ ಬರವಣಿಗೆ. ಒಡಿಯಾದಲ್ಲಿ ಅದೇ ತಲೆಗೆರೆ ಕೊಡೆಯ ಹಾಗೆ ಬಾಗಿತು. ಗರಿಯ ಸಿದ್ಧಾಂತಕ್ಕೆ ಇದು ಒಳ್ಳೆಯ ಸಾಕ್ಷಿ.

ತಮಿಳು ಇನ್ನೊಂದು ಕಡೆ ಎಳೆಯುತ್ತದೆ. ಅಲ್ಲಿನ ಪ, ಟ ಅಕ್ಷರಗಳಲ್ಲಿ ಲಂಬಗೆರೆ, ಅಡ್ಡಗೆರೆ, ಮೂಲೆ ಎಲ್ಲ ಹಾಗೇ ಉಳಿದಿವೆ. ಗರಿ ಅದೇ, ಕಬ್ಬಿಣ ಅದೇ. ಗರಿಯೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ತಮಿಳು ಟಕಾರ ಎಂದೋ ದುಂಡಗಾಗಬೇಕಿತ್ತು.

ಮೂರನೆಯದು ನಮ್ಮ ನೆಲದ್ದೇ ಆದ ನಂದಿನಾಗರಿ. ವಿಜಯನಗರದ ತಾಮ್ರಶಾಸನಗಳಲ್ಲಿ ಹೇರಳವಾಗಿ ಕಾಣುವ ಲಿಪಿ. ಮಾಧ್ವ ಪರಂಪರೆಯ ಎಷ್ಟೋ ಸಂಸ್ಕೃತ ಗ್ರಂಥಗಳ ಓಲೆಪ್ರತಿಗಳು ಇದರಲ್ಲಿವೆ. ನಾಗರಿಯ ಕುಲದ್ದಾದ್ದರಿಂದ ಇದಕ್ಕೆ ತಲೆಗೆರೆ ಇದೆ. ಆದರೆ ದೇವನಾಗರಿಯಲ್ಲಿ ಇಡೀ ಪದದ ಮೇಲೆ ಒಂದೇ ಗೆರೆ ಓಡಿದರೆ, ನಂದಿನಾಗರಿಯಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ತುಂಡುಗೆರೆ. ಗೆರೆ ಬಿಡಲಿಲ್ಲ, ಮೊಟಕು ಮಾಡಿಕೊಂಡರು ಅನ್ನಬಹುದು. ಮೊಟಕು ಗೆರೆಯಾದರೆ ನಾರಿನಲ್ಲಿ ಜಾರುವ ಮೊದಲೇ ನಿಲ್ಲಿಸಬಹುದು, ಹೆಬ್ಬೆರಳಿನ ಅಳತೆಗೂ ಅದು ಸರಿಹೋಗುತ್ತದೆ.

ಮೂರನ್ನೂ ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟ. ಗರಿ ಕೆಲವು ಗೆರೆಗಳಿಗೆ ಅಡ್ಡಿ ಮಾಡುತ್ತದೆ, ಹಿಡಿತ ಕೆಲವು ಗೆರೆಗಳನ್ನು ಸಲೀಸು ಮಾಡುತ್ತದೆ. ಇವೆರಡರ ನಡುವೆ ಯಾವ ದಾರಿ ಹಿಡಿಯಬೇಕು ಅನ್ನೋದನ್ನು ಆಯಾ ಲಿಪಿಯ ಸಂಪ್ರದಾಯ ತೀರ್ಮಾನಿಸಿತು. ಒಡಿಯಾ ಬಾಗಿತು, ನಂದಿನಾಗರಿ ತುಂಡರಿಸಿತು, ತಮಿಳು ಜಾಗರೂಕತೆಯಿಂದ ಹಾಗೇ ಮುಂದುವರಿಯಿತು. ಕನ್ನಡ-ತೆಲುಗು ಸುತ್ತಿನ ದಾರಿ ಹಿಡಿದವು.

ಚಿತ್ರಕ್ಕೆ ಬಂದಾಗ

ಹಿಡಿತದ ಪರಿಣಾಮವನ್ನು ಅಕ್ಷರಕ್ಕಿಂತ ಸ್ಪಷ್ಟವಾಗಿ ಕಾಣಬೇಕಾದರೆ ಒಡಿಶಾದ ತಾಳಪತ್ರ ಚಿತ್ರಗಳನ್ನು ನೋಡಬೇಕು. ಅಲ್ಲಿ ಕಾವ್ಯ ಬರೆದ ಅದೇ ಕಂಠದಿಂದ, ಅದೇ ಹಿಡಿತದಲ್ಲಿ ಚಿತ್ರವನ್ನೂ ಗೀರಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಜಾಂ ಸೀಮೆಯ ರಘುನಾಥ ಪ್ರುಷ್ಟಿ ಉಪೇಂದ್ರ ಭಂಜನ ‘ಲಾವಣ್ಯವತಿ’ ಕಾವ್ಯಕ್ಕೆ ಮಾಡಿದ ಚಿತ್ರಗಳು ಈ ಕಲೆಯ ಅತ್ಯುತ್ತಮ ಮಾದರಿಗಳಲ್ಲಿ ಸೇರುತ್ತವೆ. ಪುರಿಯ ಹತ್ತಿರದ ರಘುರಾಜಪುರದಲ್ಲಿ ಇವತ್ತಿಗೂ ಈ ಕೆಲಸ ನಡೆಯುತ್ತಿದೆ.

ಈ ಚಿತ್ರಗಳ ಲಕ್ಷಣಗಳನ್ನು ಒಂದೊಂದಾಗಿ ಹಿಡಿತದ ಜೊತೆ ಹೊಂದಿಸಿ ನೋಡಿ. ಗೆರೆ ಎಲ್ಲೂ ದಪ್ಪವಾಗುವುದಿಲ್ಲ, ಹಾಗಾಗಿ ನೆರಳು-ಬೆಳಕು ತೋರಿಸಬೇಕಾದಲ್ಲಿ ಒತ್ತೊತ್ತಾಗಿ ಸಮಾನಾಂತರ ಗೀರುಗಳನ್ನು ತುಂಬುತ್ತಾರೆ. ಕೂದಲು, ಸೀರೆಯ ನೆರಿಗೆ, ಮರದ ಎಲೆ, ನದಿಯ ನೀರು ಎಲ್ಲವೂ ಮತ್ತೆ ಮತ್ತೆ ಬರುವ ಪುಟ್ಟ ಪುಟ್ಟ ಬಾಗುಗಳು. ಅವು ಅಕ್ಷರದಷ್ಟೇ ಅಳತೆಯವು, ಏಕೆಂದರೆ ಹೆಬ್ಬೆರಳಿನ ಓಟ ಅಷ್ಟೇ. ಗರಿಯ ಅಗಲ ಸುಮಾರು 3ರಿಂದ 4 ಸೆಂಟಿಮೀಟರ್ ಇರುವುದರಿಂದ ಆಕೃತಿಗಳು ಪುಟ್ಟವು, ಕಥೆ ಅಡ್ಡಕ್ಕೆ ಹರಿಯುತ್ತದೆ. ದೊಡ್ಡ ಚಿತ್ರ ಬೇಕಾದರೆ ಗರಿಗಳನ್ನು ಒಂದರ ಕೆಳಗೊಂದು ದಾರದಿಂದ ಹೊಲಿದು ಜೋಡಿಸಬೇಕು. ಮಸಿ ಸವರುವ ತನಕ ಇಲ್ಲೂ ಚಿತ್ರ ಸರಿಯಾಗಿ ಕಾಣುವುದಿಲ್ಲ. ಅಳಿಸುವ ಮಾತಂತೂ ಇಲ್ಲವೇ ಇಲ್ಲ.

ಇದಕ್ಕೆ ಎದುರಾಗಿ ನಮ್ಮ ಮೂಡಬಿದಿರೆಯ ಧವಲಾ ಗ್ರಂಥಗಳ ಓಲೆಗಳನ್ನು ಇಡಿ. ಹೊಯ್ಸಳರ ಕಾಲದ ಆ ಓಲೆಗಳಲ್ಲಿ ಜಿನರ, ಯಕ್ಷಯಕ್ಷಿಯರ, ಭಕ್ತರ ಬಣ್ಣದ ಚಿತ್ರಗಳಿವೆ. ಅವು ಕುಂಚದ ಕೆಲಸ. ಕುಂಚ ಹಿಡಿದಾಗ ಗರಿ ಸ್ಥಿರ, ಕೈ ಚಲಿಸುತ್ತದೆ, ಬಣ್ಣ ಎದುರಿಗೇ ಕಾಣುತ್ತದೆ. ಆದ್ದರಿಂದ ಅಲ್ಲಿ ಬಣ್ಣ ತುಂಬಿದ ಮೈ, ಮೈಯನ್ನು ಸುತ್ತುವ ಓಟದ ಗೆರೆ ಸಾಧ್ಯವಾಯಿತು. ಎರಡೂ ತಾಳೆಯ ಗರಿಗಳೇ. ಗರಿ ಒಂದೇ ಜಾತಿಯದಾಗಿದ್ದರೂ ಕೈ ಬದಲಾದಾಗ ಚಿತ್ರದ ಸ್ವಭಾವವೇ ಬದಲಾಯಿತು. ಆಕಾರಕ್ಕೆ ಕಾರಣ ಗರಿಯೊಂದೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಕಲ್ಲು, ತಾಮ್ರ ಮತ್ತು ಚಾಣ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಶಾಸನ ಓಲೆಯಲ್ಲ. ಕಲ್ಲಿನ ಮೇಲೆ ಕೆಲಸ ಮಾಡುವವನ ಎಡಗೈಯಲ್ಲಿ ಚಾಣ, ಬಲಗೈಯಲ್ಲಿ ಸುತ್ತಿಗೆ. ಮೊನೆಯನ್ನು ನಡೆಸುವುದು ಎಡಗೈ, ಬಲ ಬರುವುದು ಬಲಗೈಯಿಂದ. ಕಂಠದಲ್ಲಿ ನೋಡಿದ ಹಂಚಿಕೆಯೇ ಇದು, ಆದರೆ ಗೆರೆ ಇಲ್ಲಿ ಎಳೆದದ್ದಲ್ಲ, ಹೊಡೆದದ್ದು. ಒಂದೊಂದು ಪೆಟ್ಟಿಗೆ ಒಂದೊಂದು ತುಣುಕು. ಚಾಣಕ್ಕೆ ನೇರ ಗೆರೆ ಸುಲಭ, ಬಾಗು ಕಷ್ಟ. ಬಾಗಿಸಬೇಕಾದರೆ ಪ್ರತಿ ಪೆಟ್ಟಿಗೂ ಚಾಣವನ್ನು ಚೂರು ಚೂರು ತಿರುಗಿಸಬೇಕು.

ಇಲ್ಲೊಂದು ಸೋಜಿಗವಿದೆ. ಚಾಣಕ್ಕೆ ನೇರ ಗೆರೆ ಹಿತವಾಗಿದ್ದರೂ ಕನ್ನಡ ಶಿಲಾಶಾಸನಗಳ ಅಕ್ಷರ ಶತಮಾನದಿಂದ ಶತಮಾನಕ್ಕೆ ದುಂಡಗಾಗುತ್ತಲೇ ಹೋಯಿತು. ‘ರ’ ಅಕ್ಷರವನ್ನೇ ತೆಗೆದುಕೊಳ್ಳಿ. ಬ್ರಾಹ್ಮಿಯಲ್ಲಿ ಅದು ಒಂದು ಲಂಬಗೆರೆ. ಮುಂದೆ ಅದರ ಕೆಳತುದಿ ಮೇಲಕ್ಕೆ ಕೊಕ್ಕೆಯಾಗಿ ಬಾಗಿತು. ಕದಂಬ, ಬಾದಾಮಿ ಚಾಲುಕ್ಯರ ಕಾಲದಲ್ಲಿ ಆ ಕೊಕ್ಕೆ ಉದ್ದವಾಗಿ ಬೆಳೆದು ಎರಡು ಗೆರೆಗಳಂತಾಯಿತು. ಆಮೇಲೆ ಎರಡೂ ತುದಿ ಕೂಡಿ, ಕಡೆಗೆ ಇವತ್ತಿನ ದುಂಡು ‘ರ’. ಕಲ್ಲಿಗೆ ಈ ದುಂಡು ಬೇಕಿರಲಿಲ್ಲ. ಅಂದರೆ ಕಲ್ಲು ಇನ್ನೆಲ್ಲೋ ಹುಟ್ಟಿದ ಆಕಾರವನ್ನು ನಕಲು ಮಾಡುತ್ತಿತ್ತು.

ಎಲ್ಲಿ ಹುಟ್ಟಿದ ಆಕಾರ? ದಿನನಿತ್ಯ ಬರೆಯುವವರ ಕೈಯಲ್ಲಿ. ಶಾಸನಗಳು ಸ್ವತಃ ಈ ಹಂಚಿಕೆಯನ್ನು ಹೇಳುತ್ತವೆ: ಬರೆದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ. ಪಾಠವನ್ನು ರಚಿಸಿದ ಕವಿ ಬೇರೆಯೇ ಇರಬಹುದು. ಬರೆಯುವವನು ಕಲ್ಲಿನ ಮೇಲೆ ಸುಣ್ಣದಿಂದಲೋ ಕೆಮ್ಮಣ್ಣಿನಿಂದಲೋ ಅಕ್ಷರ ಮೂಡಿಸುತ್ತಾನೆ, ರೂವಾರಿ ಅದರ ಮೇಲೆ ಚಾಣ ಹಿಡಿಯುತ್ತಾನೆ. ಹಾಗಾಗಿ ನಾವು ನೋಡುವ ಒಂದು ಅಕ್ಷರದಲ್ಲಿ ಎರಡು ಕೈಗಳಿವೆ. ಆಕಾರ ಮೊದಲನೆಯ ಕೈಯದು, ಅಂಚು ಮತ್ತು ಆಳ ಎರಡನೆಯ ಕೈಯದು.

ಬರೆದವನ ಕೈ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಹಳೆಯ ಸಾಕ್ಷಿ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅವನ್ನು ಬರೆದವನು ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ತಾನು ಲಿಪಿಕಾರ ಎಂದು ಹೇಳುವ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಒಂದೇ ಪದದಲ್ಲಿ ಅವನ ಕೈ ಎಲ್ಲಿ ಪಳಗಿದ್ದು ಅನ್ನೋದರ ಸುಳಿವು ಸಿಕ್ಕಿಬಿಡುತ್ತದೆ.

ಇನ್ನೊಂದು ತುದಿಯಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ. ಕದಂಬರ ಚರಿತ್ರೆ ಹೇಳುವ ಆ ಸಂಸ್ಕೃತ ಕಾವ್ಯವನ್ನು ರಚಿಸಿದ ಕುಬ್ಜ, ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಳ್ಳುತ್ತಾನೆ. ಅದರ ಲಿಪಿ ಪೆಟ್ಟಿಗೆ ತಲೆಯದು, ಪ್ರತಿ ಅಕ್ಷರದ ನೆತ್ತಿಯ ಮೇಲೂ ಪುಟ್ಟ ಚೌಕ. ಈ ಚೌಕದ ಹುಟ್ಟಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಹಿಡಿತದ ಕಡೆಯಿಂದ ಯೋಚಿಸಿದರೆ ಒಂದು ಸಾಧ್ಯತೆ ಹೀಗೆ: ಮಸಿಯ ಲೆಕ್ಕಣಿಕೆ ಗೆರೆ ಶುರು ಮಾಡುವಲ್ಲಿ ದಪ್ಪ ತಲೆಯನ್ನು ತಾನಾಗಿ ಬಿಡುತ್ತದೆ. ಮೊನೆಯ ಉಪಕರಣಕ್ಕೆ ಆ ದಪ್ಪವನ್ನು ತುಂಬಲು ಆಗುವುದಿಲ್ಲ, ಅದರ ಹೊರಗೆರೆಯನ್ನಷ್ಟೇ ಎಳೆಯಬಲ್ಲದು. ಆಗ ಒಳಗೆ ಟೊಳ್ಳಾದ ಪೆಟ್ಟಿಗೆ ಉಳಿಯುತ್ತದೆ.

ತಾಮ್ರಪಟದ ಕಥೆ ಮತ್ತೊಂದು ಬಗೆ. ತಗಡು ತೆಳು, ಲೋಹ ಮೆದು. ಜೆ. ಎಫ್. ಫ್ಲೀಟ್ ತಮ್ಮ ಸಂಪಾದನೆಗಳಲ್ಲಿ ಪ್ರತಿ ತಾಮ್ರಶಾಸನದ ವಿವರ ಕೊಡುವಾಗ ಎರಡು ಸಂಗತಿಗಳನ್ನು ಮತ್ತೆ ಮತ್ತೆ ದಾಖಲಿಸುತ್ತಾರೆ. ಅಕ್ಷರದ ಗುರುತು ತಗಡಿನ ಹಿಂಬದಿಗೆ ಮೂಡಿದೆಯೇ, ಅಕ್ಷರದ ಒಳಗೆ ಕೊರೆದವನ ಉಪಕರಣದ ಗುರುತುಗಳು ಕಾಣುತ್ತವೆಯೇ ಎಂಬುವು. ಓದುಗರು ಸಾಮಾನ್ಯವಾಗಿ ಹಾರಿಸಿಬಿಡುವ ಸಾಲುಗಳು ಇವು. ಆದರೆ ಕೈ ಹೇಗೆ ಕೆಲಸ ಮಾಡಿತು ಅನ್ನೋದಕ್ಕೆ ಅಚ್ಚಿನಲ್ಲಿ ಸಿಗುವ ನೇರ ಮಾಹಿತಿ ಇವೇ.

ಇದರಿಂದ ಏನು ಬದಲಾಗುತ್ತದೆ?

ತಲಕಾಡಿನ ಗಂಗರ ತಾಮ್ರಶಾಸನಗಳ ಬಗ್ಗೆ ರೈಸ್ ಮತ್ತು ಫ್ಲೀಟ್ ನಡುವೆ ನಡೆದ ವಾದ ಶಾಸನಾಸಕ್ತರಿಗೆ ಗೊತ್ತಿರುವಂಥದ್ದೇ. ರೈಸ್ ಅವನ್ನು ಅಸಲಿ ಎಂದು ತೆಗೆದುಕೊಂಡು ಗಂಗರ ಆರಂಭದ ಚರಿತ್ರೆ ಕಟ್ಟಿದರು. ಫ್ಲೀಟ್ ಅವುಗಳಲ್ಲಿ ಹಲವನ್ನು ಖೊಟ್ಟಿ ಎಂದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಶಾಸನ ಹೇಳುವ ತೇದಿಗಿಂತ ಅಕ್ಷರದ ರೂಪ ಈಚಿನದು ಎಂಬುದು. ಅಂದರೆ ಒಂದು ರಾಜವಂಶದ ಶತಮಾನಗಳ ಚರಿತ್ರೆ ಕೆಲವು ಅಕ್ಷರಗಳ ಬಾಗಿನ ಮೇಲೆ ನಿಂತಿತ್ತು. ಅಕ್ಷರರೂಪದ ವಾದಕ್ಕೆ ಇಷ್ಟು ಭಾರ ಹೊರಿಸುವಾಗ ನಾವು ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದ್ದೇವೆ ಅನ್ನೋದು ಖಚಿತವಾಗಿರಬೇಕು. ಓಲೆಯಲ್ಲಿ ಪಳಗಿದ ಕೈ ತಗಡಿನ ಮೇಲೆ ಓಟದಲ್ಲಿ ಬರೆದದ್ದನ್ನು, ರೂವಾರಿ ಕಲ್ಲಿನ ಮೇಲೆ ನಿಧಾನವಾಗಿ ಕಡೆದದ್ದರ ಪಕ್ಕ ಇಟ್ಟು, ಇದು ಐವತ್ತು ವರ್ಷ ಈಚಿನದು ಅಂತ ಹೇಳುವುದು ಅಪಾಯ. ಒಂದೇ ವರ್ಷದ ಕಲ್ಲು ಮತ್ತು ತಾಮ್ರ ಬೇರೆ ಬೇರೆ ಮುಖ ತೋರಿಸಬಲ್ಲವು. ಹಾಗಂತ ಖೊಟ್ಟಿ ಶಾಸನಗಳೇ ಇಲ್ಲ ಅಂತಲ್ಲ, ಧಾರಾಳವಾಗಿ ಇವೆ. ಕಲ್ಲನ್ನು ಕಲ್ಲಿನ ಜೊತೆ, ತಾಮ್ರವನ್ನು ತಾಮ್ರದ ಜೊತೆ, ಸಾಧ್ಯವಾದರೆ ಅದೇ ಸೀಮೆಯದರ ಜೊತೆ ಹೋಲಿಸಿದ ಮೇಲೆ ಬರುವ ತೀರ್ಮಾನಕ್ಕೆ ಬಲ ಹೆಚ್ಚು.

ಶಾಸನ ಓದಲು ಕಲಿಯುತ್ತಿರುವವರಿಗೆ ಕೆಲವು ಅಭ್ಯಾಸಗಳನ್ನು ಸೂಚಿಸಬಹುದು.

ಅಕ್ಷರವನ್ನು ಓದುವುದಷ್ಟೇ ಅಲ್ಲ, ಅದನ್ನು ಬರೆದ ಕ್ರಮವನ್ನು ಊಹಿಸಿ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು? ಚೀಟಿಯ ಮೇಲೆ ಅದೇ ಕ್ರಮದಲ್ಲಿ ನೀವೇ ಬರೆದು ನೋಡಿ. ಅನುಮಾನದ ಅಕ್ಷರ ಎಷ್ಟೋ ಸಲ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಪಡಿಯಚ್ಚನ್ನು ಮಾತ್ರ ನಂಬಬೇಡಿ. ಪಡಿಯಚ್ಚಿನಲ್ಲಿ ಕಪ್ಪು-ಬಿಳುಪು ಉಳಿಯುತ್ತದೆ, ಆಳ ಕಳೆದುಹೋಗುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲನ್ನೇ ನೋಡಿ. ಇಲ್ಲವಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಚಾಣದ ಪೆಟ್ಟಿನ ಗುರುತು, ಬಾಗಿನಲ್ಲಿ ಬಿಟ್ಟ ಅಂತರ ಆಗ ಕಾಣುತ್ತವೆ.

ಒಂದೇ ಶಾಸನದಲ್ಲಿ ಒಂದು ಅಕ್ಷರ ಎರಡು ರೂಪದಲ್ಲಿ ಬಂದರೆ ಆತುರ ಬೇಡ. ಬರೆದ ಕೈ ಒಂದೇ ಇದ್ದು ಕಡೆದ ಕೈ ಬದಲಾಗಿರಬಹುದು. ಕಲ್ಲಿನ ಬಿರುಕು ತಪ್ಪಿಸಲು ರೂವಾರಿ ಗೆರೆಯನ್ನು ಸರಿಸಿರಬಹುದು.

ಓಲೆಪ್ರತಿಯಲ್ಲಿ ಗೀಟು ಕಾಣದಿದ್ದರೆ, ಇಲ್ಲ ಎಂದು ಬರೆಯುವ ಮೊದಲು ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಸಿ ಹೋಗಿದ್ದರೂ ಗೀರು ಉಳಿದಿರುತ್ತದೆ.

ಸಾಹಿತ್ಯ ಅಕಾಡೆಮಿಯ ‘ಭಾರತೀಯ ಸಾಹಿತ್ಯ ನಿರ್ಮಾಪಕರು’ ಮಾಲೆಯ ಪುಸ್ತಕಗಳನ್ನು ತೆರೆದವರಿಗೆ ರಟ್ಟಿನ ಒಳಪುಟದ ಶಿಲ್ಪ ನೆನಪಿರಬಹುದು. ನಾಗಾರ್ಜುನಕೊಂಡದ ಆ 2ನೇ ಶತಮಾನದ ಶಿಲ್ಪದಲ್ಲಿ ಮಾಯಾದೇವಿಯ ಕನಸಿಗೆ ಜೋಯಿಸರು ಅರ್ಥ ಹೇಳುತ್ತಿದ್ದಾರೆ, ಕೆಳಗೆ ಕೂತ ಲಿಪಿಕಾರ ಅದನ್ನು ಬರೆದುಕೊಳ್ಳುತ್ತಿದ್ದಾನೆ. ಕನಸು ಕಂಡವರ ಹೆಸರು, ಅರ್ಥ ಕೇಳಿದ ರಾಜನ ಹೆಸರು ನಮಗೆ ಗೊತ್ತು. ಬರೆದವನಿಗೆ ಹೆಸರಿಲ್ಲ. ಚಪಡನಂತೆ ಹೆಸರು ಬಿಟ್ಟುಹೋದವರು ಕೆಲವರು ಮಾತ್ರ. ಉಳಿದವರು ಬಿಟ್ಟುಹೋಗಿರುವುದು ತಮ್ಮ ಹಿಡಿತವನ್ನು, ಅದು ಪ್ರತಿ ಗೆರೆಯಲ್ಲೂ ಇದೆ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯಲ್ಲೋ ಊರಿನ ಮಠದಲ್ಲೋ ಓಲೆಯ ಕಟ್ಟು ಇದ್ದರೆ ಅದರ ಜೊತೆಗೆ ಕಂಠವೂ ಇರಬಹುದು. ತುಕ್ಕು ಹಿಡಿದ ಮೊಳೆ ಅಂತ ಎಸೆಯಬೇಡಿ. ಅದರ ಉದ್ದ, ತೂಕ, ಮೊನೆಯ ಆಕಾರ ಬರೆದಿಟ್ಟುಕೊಳ್ಳಿ, ಓಲೆಯ ಫೋಟೋ ತೆಗೆಯುವಾಗ ಅದರದ್ದೂ ತೆಗೆಯಿರಿ. ಓಲೆ ಬರೆದದ್ದನ್ನು ಕಣ್ಣಾರೆ ಕಂಡ ಹಿರಿಯರು ಯಾರಾದರೂ ಇದ್ದರೆ ಕೈಗೆ ಕಂಠ ಕೊಟ್ಟು, ಹೇಗೆ ಹಿಡಿಯುತ್ತಿದ್ದರು ತೋರಿಸಿ ಅಂತ ಕೇಳಿ, ಮೊಬೈಲಿನಲ್ಲಿ ಚಿತ್ರೀಕರಿಸಿ. ಓಲೆ ಇನ್ನೂ ನೂರು ವರ್ಷ ಉಳಿಯಬಹುದು, ಹಿಡಿತ ಗೊತ್ತಿರುವವರು ಅಷ್ಟು ಕಾಲ ಇರುವುದಿಲ್ಲ.